ಒಂದೆಲಗದ ಮೇಷ್ಟ್ರು

ಅವರ ಉಗುರುಗಳು ಬಹಳ ಸ್ವಚ್ಛ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರ ಬಗ್ಗೆ ಒಳ್ಳೆಯ ಮಾತು ನನ್ನ ಹತ್ತಿರ ಹೆಚ್ಚಿಲ್ಲ. ದಿನವಿಡೀ ಸೀಮೆಸುಣ್ಣ ಹಿಡಿಯುವ ಕೈ, ಆದರೂ ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಕಂಡದ್ದಿಲ್ಲ. ಬೋರ್ಡಿನ ಮೇಲೆ ಕೈವಾರವಿಲ್ಲದೆ ಒಂದೇ ಬೀಸಿಗೆ ವೃತ್ತ ಬರೆಯುತ್ತಿದ್ದರು. ಗೆರೆ ಹೊರಟ ಜಾಗಕ್ಕೇ ಬಂದು ಸೇರುತ್ತಿತ್ತು. ಲೆಕ್ಕವನ್ನೂ ಅಷ್ಟೇ ಸಲೀಸಾಗಿ ಹೇಳಿಕೊಡುತ್ತಿದ್ದರಂತೆ. ಯಾರಿಗೂ ಹೊಡೆದವರಲ್ಲ, ಬೈದವರಲ್ಲ. ಎಲ್ಲ ಮಕ್ಕಳನ್ನೂ 'ಮಗಾ' ಎನ್ನುತ್ತಿದ್ದರು.

ಹೋದ ತಿಂಗಳು ತೀರಿಕೊಂಡರು. ಹಳೆಯ ಶಿಷ್ಯರು ಸೇರಿ ಅವರ ನೆನಪಿಗೊಂದು ಪುಸ್ತಕ ತರುತ್ತಿದ್ದಾರೆ. ಅದರಲ್ಲೊಬ್ಬರು, ಸಜ್ಜನರು, ನಮ್ಮ ಮನೆಗೂ ಬಂದರು. "ನಿಮ್ಮನೆ ಹುಡುಗಿನೂ ಅವರ ಹತ್ರಾನೇ ಓದಿದ್ದಲ್ವಾ ಅಮ್ಮ? ಒಂದೆರಡು ಪುಟ ಬರೆದುಕೊಡಿ" ಎಂದರು. ಕಾಫಿ ಕೊಟ್ಟು ಕಳಿಸಿದೆ. ಬರೆಯಲು ಕೂತರೆ ಬಂದದ್ದು ಇದು. ಅವರ ಪುಸ್ತಕಕ್ಕೆ ಆಗಲಿಕ್ಕಿಲ್ಲ. ಹೆಸರು ಬರೆಯುವುದಿಲ್ಲ. ಅವರಿಗೊಬ್ಬ ಮಗಳಿದ್ದಾಳೆ, ಅವಳ ಮೇಲೆ ನನಗೆ ಸಿಟ್ಟಿಲ್ಲ.

ಸತ್ತವರನ್ನು ಆಡಿಕೊಳ್ಳಬಾರದು ಎಂದು ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದರು. ಪ್ರಾರ್ಥನೆ ಮಾಡಬೇಕು, ಅಷ್ಟೆ. ಮಾಡಿ ನೋಡಿದೆ. ಅರ್ಧಕ್ಕೆ ನಿಂತಿತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ತವರು ತೀರ್ಥಹಳ್ಳಿ. ಯಜಮಾನರ ಕೆಲಸ ಸಾಗರದಲ್ಲಿ, ರೈಲ್ವೆ ಸ್ಟೇಷನ್ನಿನ ಹತ್ತಿರ ಬಾಡಿಗೆ ಮನೆ. ತಾಳಗುಪ್ಪದಿಂದ ಬರುವ ರೈಲಿನ ಕೂಗೇ ನಮ್ಮ ಗಡಿಯಾರ. ಯಜಮಾನರ ಅಕ್ಕನ ಮಗಳು ಸುಮಿತ್ರ ನಮ್ಮಲ್ಲೇ ಇದ್ದುಕೊಂಡು ಪಿಯುಸಿ ಓದುತ್ತಿದ್ದಳು. ಅತ್ತಿಗೆಯ ಊರು ಹೊಸನಗರದಿಂದ ಹುಲಿಕಲ್ಲಿಗೆ ಹೋಗುವ ದಾರಿಯಲ್ಲಿ. ಅವರದು ಗೇಣಿ ಮಾಡಿಕೊಂಡಿದ್ದ ಕುಟುಂಬ. ಕಾನೂನು ಬಂದು, ಉಳುತ್ತಿದ್ದ ಗದ್ದೆ ಅವರದೇ ಆಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಅತ್ತಿಗೆಯ ಗಂಡನನ್ನು ನಾನು ಅಣ್ಣ ಎನ್ನುತ್ತೇನೆ. ಅಣ್ಣನಿಗೆ ಗದ್ದೆ ಸಿಕ್ಕ ಮೇಲೆ ಉಳಿದಿದ್ದ ಆಸೆ ಒಂದೇ, ಮಗಳು ಡಾಕ್ಟರಾಗಬೇಕು. ಅದಕ್ಕೆ ಲೆಕ್ಕದಲ್ಲಿ, ವಿಜ್ಞಾನದಲ್ಲಿ ಮಾರ್ಕು ಬೇಕು. ಮಾರ್ಕು ಬೇಕೆಂದರೆ ಊರಿಗೆಲ್ಲ ಗೊತ್ತಿದ್ದದ್ದು ಆ ಮೇಷ್ಟ್ರ ಮನೆ.

ಅವರ ಹಜಾರದ ಗೋಡೆಯ ಮೇಲೆ ದೇವರ ಪಟಕ್ಕಿಂತ ಶಿಷ್ಯರ ಫೋಟೋಗಳೇ ಹೆಚ್ಚು. ಒಳ್ಳೆ ಮಾರ್ಕು ತೆಗೆದವರದು ಮಾತ್ರ. ಕಡಿಮೆ ಬಂದವರು ಆ ಮನೆಯಲ್ಲಿ ಓದಿದ್ದೇ ಸುಳ್ಳು ಎನ್ನುವ ಹಾಗೆ. ದುಡ್ಡಿಗೆ ಆಸೆ ಪಟ್ಟವರಲ್ಲ, ಬಡ ಮಕ್ಕಳಿಗೆ ಬಿಟ್ಟಿಯಾಗಿಯೇ ಹೇಳಿಕೊಡುತ್ತಿದ್ದರು. ಅವರ ಹಸಿವೆಲ್ಲ ಆ ಗೋಡೆಗೆ. ಫೋಟೋಗಳ ಗಾಜನ್ನು ತಾವೇ ಒರೆಸುವರು, ಬೇರೆ ಯಾರೂ ಮುಟ್ಟುವಂತಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಬೆಳಗಿನ ಜಾವ ಸೈಕಲ್ ಹತ್ತಿ ಶಿಷ್ಯರ ಬೀದಿಗಳಲ್ಲಿ ಒಂದು ಸುತ್ತು ಬರುತ್ತಿದ್ದರು. ಕಿಟಕಿಯಲ್ಲಿ ದೀಪ ಉರಿಯುತ್ತಿದ್ದರೆ ಬೆಲ್ಲು ಎರಡು ಸಲ. ಕತ್ತಲಿದ್ದರೆ ಸುಮ್ಮನೆ ಹೋಗಿಬಿಡುವರು. ಸಂಜೆ ಎಲ್ಲರ ಮುಂದೆ ಕೇಳುತ್ತಿದ್ದರಂತೆ.

"ನಿಮ್ಮನೇಲಿ ಕರೆಂಟ್ ಹೋಗಿತ್ತಾ ಮಗಾ?"

"ಇಲ್ಲ ಸಾರ್."

"ಹಾಗಾದ್ರೆ ನೀನೇ ಹೋಗಿದ್ದೆ. ಎಲ್ಲಿಗೆ ಹೋಗಿದ್ದೆ? ಕುಂಭಕರ್ಣನ ಮನೆಗಾ?"

ಮಕ್ಕಳೆಲ್ಲ ನಗುವರು. ನಗೆಪಾಟಲಾದ ಹುಡುಗಿಯೂ ನಗಬೇಕು. ಸುಮಿತ್ರ ಇದನ್ನು ಮನೆಗೆ ಬಂದು ಹೇಳುವಾಗ ನಗುತ್ತಲೇ ಇದ್ದಳು, ಕಿವಿ ಮಾತ್ರ ಕೆಂಪಗಿದ್ದವು. ಮಾರನೆಯ ದಿನದಿಂದ ಅವಳ ಕೋಣೆಯ ದೀಪ ಆರಲಿಲ್ಲ.

ಇನ್ನು ಒಂದೆಲಗದ ವಿಷಯ. ನಮ್ಮ ಕಡೆ ಓದುವ ಮಕ್ಕಳಿರುವ ಮನೆಯಲ್ಲಿ ಒಂದೆಲಗದ ತಂಬುಳಿ ಮಾಡದವರಿಲ್ಲ. ಬಚ್ಚಲ ನೀರು ಹರಿಯುವಲ್ಲಿ ತಾನೇ ಹಬ್ಬುವ ಸೊಪ್ಪು, ನೆನಪಿನ ಶಕ್ತಿಗೆ ಒಳ್ಳೆಯದು ಎಂದು ನಂಬಿಕೆ. ಮೇಷ್ಟ್ರ ಮನೆಯಲ್ಲಿ ಪಾಠಕ್ಕೆ ಮೊದಲು ದಿನವೂ ಸರಸ್ವತಿ ಪಟಕ್ಕೆ ದೀಪ ಹಚ್ಚಿ ತೀರ್ಥ ಕೊಟ್ಟು, ಚಿಟಿಕೆ ಪಂಚಕಜ್ಜಾಯ ಹಂಚುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಪಂಚಕಜ್ಜಾಯದ ಮೇಲೆ ಅರ್ಧ ಮಾತ್ರೆಯೂ ಬೀಳುತ್ತಿತ್ತು. "ಒಂದೆಲಗದ ಮಾತ್ರೆ, ಗೊತ್ತಿರೋ ಕಡೆಯಿಂದ ತರಿಸಿದ್ದು" ಎನ್ನುತ್ತಿದ್ದರು.

ತೀರ್ಥ ಪ್ರಸಾದಕ್ಕೆ ಕೈ ಚಾಚಿದ ಮೇಲೆ, ಬಿದ್ದದ್ದೇನು ಎಂದು ನೋಡುತ್ತಾ ನಿಲ್ಲುವ ಪದ್ಧತಿ ನಮ್ಮಲ್ಲಿಲ್ಲ. ಬಲಗೈಯ ಅಡಿಗೆ ಎಡಗೈ ಹಿಡಿಯಬೇಕು, ಕಣ್ಣಿಗೊತ್ತಿಕೊಳ್ಳಬೇಕು, ಬಾಯಿಗೆ ಹಾಕಿಕೊಳ್ಳಬೇಕು. ಕೇಳಿದರೆ ದೇವರನ್ನೇ ಕೇಳಿದ ಹಾಗೆ. ಆ ಮನುಷ್ಯನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದೇ ಮಾತ್ರೆಯನ್ನು ಚೀಟಿಯಲ್ಲಿ ಕಟ್ಟಿ ಮನೆಗೆ ಕಳಿಸಿದ್ದರೆ ಯಾವುದಾದರೂ ತಾಯಿ ಬಿಚ್ಚಿ ನೋಡುತ್ತಿದ್ದಳು.

ನಾನು ಅದನ್ನು ನೋಡಿದ್ದು ಒಂದು ಶುಕ್ರವಾರ. ಶುಕ್ರವಾರದ ಪೂಜೆಗೆ ಮನೆಯವರೂ ಬರಬಹುದಿತ್ತು. ಮುಂದೆ ನಿಂತಿದ್ದ ಹುಡುಗಿಯ ಅಂಗೈಯಲ್ಲಿ ಕಂಡಿತು. ಹಾಲಿನಷ್ಟು ಬಿಳಿ, ಮುರಿದ ಅಂಚು ಬ್ಲೇಡಿನಲ್ಲಿ ಕೊಯ್ದಷ್ಟು ನೇರ.

"ಮೇಷ್ಟ್ರೇ, ಒಂದೆಲಗ ಹಸಿರಲ್ವಾ?" ಎಂದು ಮೆಲ್ಲಗೆ ಕೇಳಿದೆ.

ಅವರು ಎಲ್ಲರಿಗೂ ಕೇಳುವಂತೆ ಉತ್ತರಿಸಿದರು. "ಹಸು ತಿನ್ನೋದು ಹಸಿರು ಹುಲ್ಲು ಅಮ್ಮಾ. ಹಾಲು ಯಾವ ಬಣ್ಣ?"

ಹಜಾರವೆಲ್ಲ ನಕ್ಕಿತು. ಸುಮಿತ್ರಳೂ ನಕ್ಕಳು. "ಕಾನ್ವೆಂಟಿನವರಿಗೆ ಸೊಪ್ಪು ಗೊತ್ತು, ಸತ್ವ ಗೊತ್ತಿರಲ್ಲ" ಎಂದು ಸೇರಿಸಿ, ನನ್ನ ಕೈಗೆ ಪಂಚಕಜ್ಜಾಯ ಧಾರಾಳವಾಗಿಯೇ ಹಾಕಿದರು. ಮನೆಗೆ ಬಂದು ಯಜಮಾನರಿಗೆ ಹೇಳಿದರೆ ಅವರಿಗೂ ಆ ಹಾಲಿನ ಮಾತೇ ಹಿಡಿಸಿತು. "ಎಂಥ ಬುದ್ಧಿ ನೋಡು ಆ ಮನುಷ್ಯಂದು" ಎಂದರು. ಟ್ಯೂಷನ್ ಬಿಡಿಸೋಣ ಎಂದು ಹಟ ಹಿಡಿದೆ. ಬಿಡಲು ಸುಮಿತ್ರಳೇ ಒಪ್ಪಲಿಲ್ಲ. ಅಳಲಿಲ್ಲ, ರೇಗಲಿಲ್ಲ. ಚೀಲ ತೆಗೆದುಕೊಂಡು ನನ್ನ ಪಕ್ಕದಿಂದ ಹೊರಟುಹೋದಳು.

ಮೊದಲೆಲ್ಲ ಅವಳು ಮಲಗಿದರೆ ಜಡೆ ಬೆನ್ನಡಿ ಸಿಕ್ಕಿಕೊಂಡರೂ ಎಚ್ಚರವಾಗುತ್ತಿರಲಿಲ್ಲ. ಈಗ ನಾನು ಏಳುವ ಹೊತ್ತಿಗೆ, ಹಿಂದಿನ ದಿನ ಬೆಳಗಿಟ್ಟ ಪಾತ್ರೆಗಳನ್ನೇ ಮತ್ತೆ ಬೆಳಗುತ್ತಾ ಕೂತಿರುತ್ತಿದ್ದಳು. ಎರಡು ತುತ್ತು ಉಂಡು ತಟ್ಟೆ ಸರಿಸುವಳು. ಓದುವಾಗ ಹಲ್ಲು ಕಡಿಯುವ ಸದ್ದು ಅಡಿಗೆಮನೆಗೂ ಕೇಳಿಸುತ್ತಿತ್ತು. ನಾನು ಕಟ್ಟಿಟ್ಟ ಮಲ್ಲಿಗೆ ದಂಡೆಯನ್ನು ಬಿಚ್ಚಿ, ಹೂವುಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಿ ಮತ್ತೆ ಕಟ್ಟುವಳು. ಮಾರ್ಕು ಮಾತ್ರ ಏರುತ್ತಿತ್ತು. ಟ್ಯೂಷನ್ನಿನ ಟೆಸ್ಟಿನಲ್ಲಿ ಅವಳೇ ಮೊದಲು. "ಈ ವರ್ಷ ಗೋಡೇಲಿ ಜಾಗ ಮಾಡಿ ಇಟ್ಟಿದೀನಿ ಮಗಾ" ಎಂದಿದ್ದರಂತೆ ಮೇಷ್ಟ್ರು. ಅಣ್ಣನಿಗೆ ಸುದ್ದಿ ಮುಟ್ಟಿ, ಒಂದು ಗೊನೆ ಬಾಳೆಹಣ್ಣು ಹೊತ್ತುಕೊಂಡು ಬಂದು ಅವರ ಮನೆಗೆ ಕೊಟ್ಟು ಹೋದರು.

ಆಮೇಲೆ ತಿಳಿಯಿತು, ಮಕ್ಕಳಿಗೆ ಅದು ಒಂದೆಲಗವಲ್ಲ ಎಂದು ಯಾವಾಗಲೋ ಗೊತ್ತಾಗಿತ್ತು. ತಮ್ಮ ತಮ್ಮಲ್ಲಿ ಒಂದೆಲಗ ಎಂದು ಹೇಳಿಕೊಂಡು ನಗುತ್ತಿದ್ದರಂತೆ. ಅದನ್ನು ನುಂಗಿದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಹೆದರಿದ ಕೆಲವರು ಕೆನ್ನೆಯಲ್ಲಿ ಅಡಗಿಸಿಟ್ಟು ಹೊರಗೆ ಬಂದು ಉಗಿಯುತ್ತಿದ್ದರು. ಸುಮಿತ್ರ ಅವರ ಹೋಂವರ್ಕ್ ಬರೆದುಕೊಟ್ಟು ಅವರ ಪಾಲನ್ನೂ ಕೇಳಿ ತೆಗೆದುಕೊಳ್ಳುತ್ತಿದ್ದಳು. ಅರ್ಧ ಸಾಲದಾಗಿತ್ತು ಅವಳಿಗೆ.

ಪರೀಕ್ಷೆಗೆ ಕೆಲವೇ ದಿನ ಇರುವಾಗ ಒಂದು ಮಧ್ಯಾಹ್ನ ನನ್ನ ಸೆರಗು ಹಿಡಿದು ಕೋಣೆಗೆ ಕರೆದುಕೊಂಡು ಹೋದಳು.

"ಅತ್ತೆ, ಗೋಡೆ ಆಚೆ ಯಾರೋ ನನ್ನ ನೋಟ್ಸ್ ಓದ್ತಿದಾರೆ. ಜೋರಾಗಿ ಓದ್ತಿದಾರೆ. ನಾನು ಮರೀಲಿ ಅಂತ."

"ಆಚೆ ಕಟ್ಟಿಗೆ ಒಟ್ಟಿರೋದು ಕಣೇ. ಯಾರೂ ಇಲ್ಲ."

"ನೀವೂ ಅವರ ಕಡೇನಾ?"

ಅವಳ ಕಣ್ಣಿನ ಪಾಪೆ ಅಷ್ಟು ದೊಡ್ಡದಾಗಿದ್ದನ್ನು ನಾನು ನೋಡಿರಲಿಲ್ಲ. ಸಂಜೆ ರೈಲು ಕೂಗುವ ಹೊತ್ತಿಗೆ ಪುಸ್ತಕದ ಹಾಳೆ ಹರಿದು ಹರಿದು ಕಿಟಕಿಯ ಸಂದಿಗೆಲ್ಲ ತುರುಕಿದ್ದಳು. ನಾನು ಕೊಟ್ಟ ನೀರನ್ನು ಮೂಸಿ, ನೆಲಕ್ಕೆ ಚೆಲ್ಲಿದಳು. ಯಜಮಾನರು ಊರಿಗೆ ಆಳು ಕಳಿಸಿದರು. ಅಣ್ಣ, ಅತ್ತಿಗೆ ಮಾರನೆಯ ದಿನದ ಮೊದಲ ಬಸ್ಸಿಗೇ ಬಂದರು.

ಸುದ್ದಿ ತಿಳಿದು ಮೇಷ್ಟ್ರೂ ಬಂದರು, ಕಿತ್ತಳೆ ಹಣ್ಣು ಹಿಡಿದುಕೊಂಡು. ಕುರ್ಚಿಯಲ್ಲಿ ಕೂತು ಒಂದು ಹಣ್ಣನ್ನು ತಾವೇ ಸುಲಿದರು. ಸಿಪ್ಪೆ ಎಲ್ಲೂ ಹರಿಯದೆ ಒಂದೇ ಸುರುಳಿಯಾಗಿ ಬಂತು. ನಾರನ್ನೆಲ್ಲ ಬಿಡಿಸಿ ತೊಳೆಗಳನ್ನು ತಟ್ಟೆಯಲ್ಲಿ ಜೋಡಿಸಿ ಸುಮಿತ್ರಳ ಮುಂದಿಟ್ಟರು. ಅವಳು ಮೂಲೆಯಲ್ಲಿ ಕೂತು ತುಟಿ ಅಲ್ಲಾಡಿಸುತ್ತಿದ್ದಳು, ತಿರುಗಿ ನೋಡಲಿಲ್ಲ.

"ಓದು ತಲೆಗೆ ಏರಿದೆ ಅಷ್ಟೆ" ಎಂದರು ಅಣ್ಣನಿಗೆ. "ಹೆಣ್ಣು ಜೀವ, ಮೆದು. ಹೆದರಬೇಡಿ ಗೌಡ್ರೇ."

ಅಣ್ಣನನ್ನು ಯಾರೂ ಹಾಗೆ ಕರೆಯುವುದಿಲ್ಲ. ಅವರ ಕೈ ತಾನಾಗಿಯೇ ಮುಗಿದುಕೊಂಡಿತು.

"ಆಸ್ಪತ್ರೆಗೆ ಕರ್ಕಂಡು ಹೋಗದಾ ಸಾರ್? ಇವ್ರು ಹಂಗಂತಾರೆ" ಎಂದು ಅಣ್ಣ ನನ್ನ ಕಡೆ ನೋಡಿದರು.

"ಹೋಗಬಹುದು. ಆದ್ರೆ ಹುಚ್ಚಿನ ಡಾಕ್ಟರು ಒಂದು ಸಲ ಚೀಟಿ ಬರೆದ್ರೆ ಆ ಚೀಟಿ ಮದುವೆ ಚಪ್ಪರದವರೆಗೂ ಹಿಂದೆ ಬರತ್ತೆ. ನಿಮ್ಮೂರ ದಾರೀಲೇ ಚೌಡಮ್ಮನ ಗುಡಿ ಇದೆಯಲ್ಲ? ಮೊದಲು ಪ್ರಸಾದ ಕೇಳಿ. ಅಮ್ಮ ಬಲಗಡೆ ಹೂ ಕೊಟ್ರೆ ಅಲ್ಲೇ ಒಂದಷ್ಟು ದಿನ ಇರಿಸಿ. ಸರಿ ಹೋಗತ್ತೆ."

ದೇವಿಯ ಮೈಮೇಲೆ ಅಂಟಿಸಿದ ಹೂವು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ನಮ್ಮ ಕಡೆ ಮದುವೆಯಿಂದ ಬಾವಿಯವರೆಗೆ ಎಲ್ಲಕ್ಕೂ ಹೀಗೆ ಕೇಳುತ್ತಾರೆ. ನಾನೂ ಕೇಳಿದವಳೇ, ಅದರ ಮೇಲೆ ನನಗೆ ತಕರಾರಿಲ್ಲ. ತಕರಾರು, ಅದನ್ನು ಕೇಳಲು ಕಳಿಸುತ್ತಿದ್ದ ಮನುಷ್ಯನ ಮೇಲೆ. ಡಾಕ್ಟರ ಮುಂದೆ ಕೂತರೆ ಅವರು ಮೊದಲು ಕೇಳುವುದು, ಹುಡುಗಿ ಏನು ತಿಂದಿದ್ದಾಳೆ ಎಂದು.

"ಮೇಷ್ಟ್ರೇ, ಆ ಮಾತ್ರೆ ಹೆಸರೇನು?" ಎಂದೆ.

"ಒಂದೆಲಗ ತಿಂದು ತಲೆ ಕೆಟ್ಟವರನ್ನ ಎಲ್ಲಾದ್ರೂ ಕಂಡಿದೀರಾ ಅಮ್ಮಾ? ಹಾಗಿದ್ರೆ ಮಲೆನಾಡಲ್ಲಿ ಒಬ್ರೂ ತಂಬುಳಿ ಉಣ್ಣೋ ಹಾಗಿಲ್ಲ."

ಅಣ್ಣ ನಕ್ಕರು. ಮಗಳು ಮೂಲೆಯಲ್ಲಿ ಹಾಗೆ ಕೂತಿರುವಾಗ, ದೊಡ್ಡವರು ಹೇಳಿದ ಹಾಸ್ಯಕ್ಕೆ ನಗದಿದ್ದರೆ ತಪ್ಪಾದೀತು ಎಂದು ನಕ್ಕರು. ಆ ನಗುವಿಗಾಗಿ ನಾನು ಮೇಷ್ಟ್ರನ್ನು ಕ್ಷಮಿಸಿಲ್ಲ.

ಅಂದು ಶುಕ್ರವಾರ. ಗುಡಿಗೆ ಹೊರಡುವ ಮೊದಲು ಮೇಷ್ಟ್ರ ಮನೆಯ ಪ್ರಸಾದ ತರಬೇಕೆಂದು ಅಣ್ಣನೇ ಹೊರಟರು. ನಾನೂ ಜೊತೆಗೆ ಹೋದೆ. ಹಜಾರದ ತುಂಬ ಮಕ್ಕಳು, ಗೋಡೆ ಬದಿಗೆ ತಾಯಂದಿರು. ಮಕ್ಕಳು ಸಾಲಾಗಿ ನಿಂತರು. ನಾನು ಅಣ್ಣನನ್ನು ಕರೆದುಕೊಂಡು ಅವರ ಹಿಂದೆ ನಿಂತೆ.

ನಿಂತಲ್ಲಿಂದ ಕೈಗಳೇ ಕಾಣುತ್ತಿದ್ದವು. ಒಂದೊಂದು ಅಂಗೈಗೂ ತೀರ್ಥ, ಪಂಚಕಜ್ಜಾಯ, ಮೇಲೆ ಬಿಳಿ ಅರ್ಧಚೂರು. ಸಾಲಿನ ನಡುವೆ ಮೇಷ್ಟ್ರ ಮಗಳೂ ಇದ್ದಳು. ಅದೇ ಕ್ಲಾಸು, ಅದೇ ಪರೀಕ್ಷೆ, ಎರಡು ಜಡೆಯ ತೆಳ್ಳನೆ ಹುಡುಗಿ. ಅವಳ ಅಂಗೈಗೆ ತೀರ್ಥ ಬಿತ್ತು, ಪಂಚಕಜ್ಜಾಯ ಬಿತ್ತು. ಮೇಷ್ಟ್ರ ಕೈ ಮುಂದಿನ ಹುಡುಗನಿಗೆ ಹೋಯಿತು.

"ಮೇಷ್ಟ್ರೇ, ಮಗಳಿಗೆ ಮಾತ್ರೆ ಹಾಕೋದು ಮರೆತ್ರಿ" ಎಂದೆ.

ನನ್ನದು ಸಣ್ಣ ಧ್ವನಿ. ಆದರೆ ಪ್ರಸಾದದ ಹೊತ್ತಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಎಲ್ಲರಿಗೂ ಕೇಳಿಸಿತು.

ಅವರು ತಿರುಗಿ ನೋಡಿದರು. ಏನೋ ಹಾಸ್ಯ ಬರುತ್ತದೆ ಎಂದು ಹಜಾರ ಕಾಯಿತು. ಅವರೂ ಹುಡುಕಿದರು ಅಂತ ಕಾಣುತ್ತದೆ.

"ಅವಳಿಗೆ ಉಷ್ಣ ಆಗತ್ತೆ" ಎಂದರು.

"ಒಂದೆಲಗ ತಂಪಲ್ವಾ?"

ಮಗಳು ಒದ್ದೆ ಅಂಗೈಯನ್ನು ನೋಡುತ್ತಾ ನಿಂತಿದ್ದಳು. ಮೇಷ್ಟ್ರು ಉಳಿದವರಿಗೆ ಪಂಚಕಜ್ಜಾಯವನ್ನಷ್ಟೇ ಹಾಕಿ ಪಾಠ ಶುರು ಮಾಡಿದರು. ಬೋರ್ಡಿನ ಮೇಲೆ ಬರೆದ ಅಕ್ಷರ ಎಂದಿನ ಹಾಗೇ ದುಂಡಗಿತ್ತು. ಅಣ್ಣ ಪ್ರಸಾದಕ್ಕೆ ಕೈ ಒಡ್ಡದೆ ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದರು. ಚಪ್ಪಲಿ ಕಾಲ ಬುಡದಲ್ಲೇ ಇತ್ತು.

ಮಾರನೆಯ ದಿನ ಹೊಸನಗರಕ್ಕೆ ಬಂದು ಅಲ್ಲಿಂದ ಘಟ್ಟದ ಬಸ್ಸು ಹತ್ತಿದೆವು. ಸುಮಿತ್ರಳನ್ನು ನನ್ನ ಮತ್ತು ಅತ್ತಿಗೆಯ ನಡುವೆ ಕೂರಿಸಿಕೊಂಡಿದ್ದೆವು. ಅವಳ ಜ್ಯಾಮಿಟ್ರಿ ಬಾಕ್ಸಿನಲ್ಲಿ ಸಿಕ್ಕಿದ್ದ ಬಿಳಿ ಚೂರುಗಳನ್ನು ನಾನು ಕರವಸ್ತ್ರದ ತುದಿಗೆ ಕಟ್ಟಿಕೊಂಡಿದ್ದೆ. ಗುಡಿಗೋ ಆಸ್ಪತ್ರೆಗೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಮಗಳು ಅವರದು. ಗುಡಿಯ ಸ್ಟಾಪು ಬಂತು. ಕಂಡಕ್ಟರು ಸೀಟಿ ಊದಿ, "ಚೌಡಮ್ಮನ ಗುಡಿ, ಇಳೀರಿ ಯಾರು" ಎಂದ. ಅತ್ತಿಗೆ ಚೀಲ ಎತ್ತಿಕೊಂಡು ನಿಂತರು. ಅಣ್ಣ ಏಳಲಿಲ್ಲ.

"ಏಳಿ, ಎಂತ ಕೂತ್ರಿ" ಎಂದು ಅತ್ತಿಗೆ ಭುಜ ಅಲ್ಲಾಡಿಸಿದರು.

"ಕೂತ್ಕ" ಎಂದರು ಅಣ್ಣ. ಆಮೇಲೆ ನನ್ನ ಕಡೆ ತಿರುಗದೆ, ಕಿಟಕಿಯ ಆಚೆ ನೋಡುತ್ತಾ ಹೇಳಿದರು. "ಗದ್ದೆ ಒಡೇರ ಮನೇಲಿ ನಮಗೆ ಬಡಿಸದು ಬೇರೆ ಪಾತ್ರೆಲಿ ಇರ್ತಿತ್ತು. ನಮ್ಮಪ್ಪ ಉಂಡ, ನಾನೂ ಉಂಡೆ. ಅದು ಮುಗೀತು ಅಂದ್ಕಂಡಿದ್ದೆ. ತನ್ನ ಮಗಳಿಗೆ ಹಾಕದೇ ಇದ್ದದ್ದು ನನ್ನ ಮಗಳಿಗೆ ಹಾಕಿದ." ಕಂಡಕ್ಟರನ್ನು ಕರೆದು, "ಘಟ್ಟದ ಕೆಳಗಿನ ತಂಕ ಕೊಡಿ, ನಾಲ್ಕು" ಎಂದರು. ಹುಲಿಕಲ್ಲಿನ ತಿರುವುಗಳಲ್ಲಿ ಸುಮಿತ್ರ ನನ್ನ ತೊಡೆಯ ಮೇಲೆ ವಾಂತಿ ಮಾಡಿಕೊಂಡಳು. ಒರೆಸಿದೆ.

ಕೆಳಗಿನ ಊರಿನ ಆಸ್ಪತ್ರೆಯ ಡಾಕ್ಟರು ಆ ಚೂರುಗಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ, ಪರೀಕ್ಷೆ ಮಾಡಿಸಿ ಹೇಳಿದರು. ನಿದ್ದೆ ಕೆಡಿಸುವ ಮಾತ್ರೆ. ದೊಡ್ಡವರಿಗೇ ಕೊಡಲು ಯೋಚನೆ ಮಾಡುತ್ತೇವೆ. ಬೆಳೆಯುವ ಮಕ್ಕಳು ದಿನಾ ತಿಂದು, ನಿದ್ದೆಯನ್ನೂ ಬಿಟ್ಟರೆ ಇಲ್ಲದ ಮಾತು ಕೇಳಿಸುತ್ತದೆ, ಇಲ್ಲದ ಶತ್ರುಗಳು ಕಾಣುತ್ತಾರೆ, ಆಮೇಲೆ ಬಿಡಲಿಕ್ಕೂ ಆಗುವುದಿಲ್ಲ.

"ಸರಿ ಹೋಗ್ತಾಳಾ?" ಎಂದರು ಅಣ್ಣ.

"ಕೆಲವರು ಮಾತ್ರೆ ನಿಂತ ಮೇಲೆ ಪೂರ್ತಿ ಸರಿ ಹೋಗ್ತಾರೆ. ಕೆಲವರ ಮನಸ್ಸು ಮೊದಲೇ ತೆಳು ಇರತ್ತೆ. ಅಂಥವರಿಗೆ ಇದು ಬಾಗಿಲು ತೆಗೆದ ಹಾಗೆ. ಕಾದು ನೋಡಬೇಕು."

ಕಾದೆವು. ಸುಮಿತ್ರ ಆ ವರ್ಷ ಪರೀಕ್ಷೆ ಬರೆಯಲಿಲ್ಲ, ಮರುವರ್ಷವೂ ಬರೆಯಲಿಲ್ಲ. ಒಂದಷ್ಟು ಕಾಲ ಚೆನ್ನಾಗಿರುವಳು, ಹೊಲಿಗೆ ಕಲಿತಳು, ನನಗೊಂದು ರವಿಕೆ ಹೊಲಿದುಕೊಟ್ಟಳು. ಆಮೇಲೆ ಗೋಡೆಯಾಚೆಯ ಮಾತು ಮತ್ತೆ ಶುರು. ಡಾಕ್ಟರು ಕೊಟ್ಟ ಔಷಧಿಯಿಂದ ಅದು ಇಳಿಯುತ್ತಿತ್ತು. ಆದರೆ ಅಂಗೈಯಲ್ಲಿ ಬಿಳಿ ಮಾತ್ರೆ ಕಂಡರೆ ಅವಳು ಕೈ ಕೊಡವುತ್ತಿದ್ದಳು. ಬೇಕಾದ ಔಷಧಿಯನ್ನೂ ಅವಳಿಗೆ ವಿಷ ಮಾಡಿಟ್ಟವರು ಆ ಮೇಷ್ಟ್ರು. ಅನ್ನದಲ್ಲಿ ಅಡಗಿಸಿ ಕೊಡೋಣವೆಂದು ಅತ್ತಿಗೆ ಹೇಳಿದಾಗ ಅಣ್ಣ ಒಪ್ಪಲಿಲ್ಲ. "ಕದ್ದು ತಿನ್ಸದು ಬ್ಯಾಡ. ಒಂದ್ಸಲ ತಿನ್ಸಿದಾರಲ್ಲ ಸಾಕು" ಎಂದು, ಮಾತ್ರೆಯ ಹೆಸರು ಓದಿ ಹೇಳಿ, ಯಾಕೆ ಎಂದು ಹೇಳಿ, ಅವಳಾಗಿಯೇ ನುಂಗುವವರೆಗೂ ಎದುರಿಗೆ ಕೂತಿರುತ್ತಿದ್ದರು. ಕೆಲವು ದಿನ ಗದ್ದೆಗೆ ಹೋಗುವುದೇ ಮಧ್ಯಾಹ್ನವಾಗುತ್ತಿತ್ತು.

ಮೇಷ್ಟ್ರಿಗೆ ಏನೂ ಆಗಲಿಲ್ಲ. ನಾನು ಹೇಳಿದೆ, ಯಜಮಾನರು ಹೇಳಿದರು. ಹತ್ತಾರು ತಾಯಂದಿರು ನಮ್ಮ ಮುಂದೆ ಅಯ್ಯೋ ಎಂದರು. ಒಂದಿಬ್ಬರು ಮಕ್ಕಳನ್ನು ಬಿಡಿಸಿದರು, ಉಳಿದವರು ಪರೀಕ್ಷೆ ಮುಗಿಯಲಿ ಎಂದರು. ಮುಂದಿನ ವರ್ಷದಿಂದ ಮಾತ್ರೆ ನಿಂತಿತು ಎಂದು ಕೇಳಿದ್ದೇನೆ, ಖಚಿತವಾಗಿ ಗೊತ್ತಿಲ್ಲ. ಸುಮಿತ್ರಳಿಗೆ ಒಂದು ಸಂಬಂಧ ಬಂದು, ಗಂಡಿನವರು ಅವರ ಹತ್ತಿರ ವಿಚಾರಿಸಿದಾಗ ಮಾತ್ರ ಮೇಷ್ಟ್ರು ತಲೆ ತಗ್ಗಿಸಿ, ಬಹಳ ಮರುಕದಿಂದ, "ಹುಡುಗಿ ಬುದ್ಧಿವಂತೆ. ಆದ್ರೆ ಮನೆತನದಲ್ಲೇ ಸ್ವಲ್ಪ ಇದೆ ಅಂತಾರೆ" ಎಂದರಂತೆ. ಆ ಮನೆತನದಲ್ಲಿ ಅಂಥದ್ದೇನೂ ಇರಲಿಲ್ಲ. ಇದ್ದದ್ದು ಮಗಳನ್ನು ಓದಿಸುವ ಆಸೆ. ಆ ಹೊತ್ತಿನಲ್ಲೂ ಅವರು ಯಾರಿಗಾದರೂ ಕಿತ್ತಳೆ ಸುಲಿದು ಕೊಡುತ್ತಿದ್ದಿರಬಹುದು. ಅಷ್ಟು ಮೆದು ಮಾತು, ಅಷ್ಟು ಚೊಕ್ಕ ಕೈ. ಕೆಟ್ಟವರ ಮುಖ ಹೇಗಿರುತ್ತದೆ ಎಂದು ಸಿಸ್ಟರುಗಳು ನಮಗೆ ಕಲಿಸಿದ್ದು ತಪ್ಪು.

ಮೇಷ್ಟ್ರು ತೀರಿಕೊಂಡ ದಿನ ನಾನು ಅತ್ತಿಗೆಯ ಮನೆಯಲ್ಲಿದ್ದೆ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ಹೊಸನಗರದ ಕಡೆಯ ಹಳೆಯ ಶಿಷ್ಯರೆಲ್ಲ ಒಂದು ವ್ಯಾನು ಮಾಡಿಕೊಂಡು ಸಾಗರಕ್ಕೆ ಹೊರಟಿದ್ದರು. ವ್ಯಾನು ಮನೆಯ ಬೇಲಿಯ ಪಕ್ಕವೇ ಬಂದು ನಿಂತಿತು, ಅದರಲ್ಲೊಬ್ಬ ಇಳಿದು ಅಂಗಳಕ್ಕೆ ಬಂದ. ಸುಮಿತ್ರಳ ಜೊತೆ ಓದಿದವನು, ಈಗ ಬ್ಯಾಂಕಿನಲ್ಲಿ ಕೆಲಸ.

"ಮೇಷ್ಟ್ರು ಹೋಗ್ಬಿಟ್ರು ಮಾವ. ಸುಮಿತ್ರಾನೂ ಬರ್ತಾಳಾ? ಕೊನೆ ದರ್ಶನ. ಜಾಗ ಇದೆ" ಎಂದ.

ಅಣ್ಣ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು. ಔಷಧಿಯ ಮಂಪರಿಗೆ ಸುಮಿತ್ರ ಒಳಗೆ ಇನ್ನೂ ಮಲಗಿದ್ದಳು. ಅವಳು ತಾನಾಗಿಯೇ ಏಳುವವರೆಗೆ ಆ ಮನೆಯಲ್ಲಿ ಯಾರೂ ಪಾತ್ರೆಯ ಸದ್ದು ಸಹ ಮಾಡುವುದಿಲ್ಲ.

"ಮಲಗಿದಾಳೆ" ಎಂದರು ಅಣ್ಣ.

"ಎಬ್ಬಿಸಿ ಮಾವ, ಕಾಯ್ತೀವಿ."

ಅಣ್ಣ ಹಗ್ಗ ಕೆಳಗಿಟ್ಟು ಎದ್ದರು. ಒಳಗೆ ಹೋಗಿ ಎಬ್ಬಿಸುತ್ತಾರೇನೋ ಎಂದುಕೊಂಡೆ. ಹೋಗಿ, ಅವಳ ಕೋಣೆಯ ಬಾಗಿಲನ್ನು ಸದ್ದಾಗದ ಹಾಗೆ ಮುಂದಕ್ಕೆ ಎಳೆದು ಬಂದರು.

"ನೀವು ಹೊರಡಿ ಮಾರಾಯ" ಎಂದರು. "ವ್ಯಾನು ಇಲ್ಲಿ ಚಾಲೂ ಮಾಡ್ಬ್ಯಾಡಿ. ರಸ್ತೆ ತಂಕ ತಳ್ಳಿಕ್ಯಂಡು ಹೋಗಿ."